ಹೊರದೇಶದ ಇಂಗ್ಲಿಷ್ ಅಕಾಡೆಮಿ: ಮೇಷ್ಟ್ರು ಮತ್ತು ಶಿಷ್ಯೆಯ ಸಂವಾದ

ಪೂರ್ವ ಏಷ್ಯಾದ ದೇಶಗಳಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳೂ ಕಚೇರಿ ಬಿಟ್ಟ ಮೇಲೆ ದೊಡ್ಡವರೂ ಶುಲ್ಕ ಕೊಟ್ಟು ಇಂಗ್ಲಿಷ್ ಕಲಿಯುವ ಖಾಸಗಿ ಸಂಸ್ಥೆಗಳನ್ನು ಒಟ್ಟಾಗಿ ಭಾಷಾ ಅಕಾಡೆಮಿಗಳೆಂದು ಕರೆಯಬಹುದು. ದಕ್ಷಿಣ ಕೊರಿಯಾದಲ್ಲಿ ಇಂಥ ಖಾಸಗಿ ಪಾಠಶಾಲೆಗೆ ಹಗ್ವನ್ ಎಂದೂ, ಜಪಾನಿನಲ್ಲಿ ಸಂಭಾಷಣೆಯನ್ನೇ ಮುಖ್ಯವಾಗಿ ಕಲಿಸುವ ಶಾಲೆಗೆ ಏಕೈವಾ ಎಂದೂ ಹೆಸರು. ಇವುಗಳಲ್ಲಿ ದುಡಿಯುವ ವಿದೇಶಿ ಶಿಕ್ಷಕರ ಕುರಿತ ಚರ್ಚೆ ಬಹುಪಾಲು ಅಮೆರಿಕ, ಬ್ರಿಟನ್, ಕೆನಡಾಗಳಿಂದ ಹೋದವರ ಸುತ್ತಲೇ ನಡೆದಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಸೀಮೆಯ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪದವೀಧರರಿಗೆ ಆ ಕೆಲಸ ಎಷ್ಟರಮಟ್ಟಿಗೆ ಎಟುಕುತ್ತದೆ, ಎಟುಕಿದರೆ ಏನು ಕೊಡುತ್ತದೆ ಎಂಬುದು ಈ ಸಂವಾದದ ವಿಷಯ. ಮಾತನಾಡುವವರಲ್ಲಿ ಒಬ್ಬರು ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಚನ್ನಪಟ್ಟಣದ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಬೋಧನಾ ವಿಷಯವಾಗಿ ಆರಿಸಿಕೊಂಡು ಬಿ.ಎಡ್. ಮುಗಿಸಿದ ಶಿಷ್ಯೆ.

ಶಿಷ್ಯೆ: ಮೇಷ್ಟ್ರೇ, ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಗೆ ಸಿಗುವ ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಕೊರಿಯಾದ ಅಕಾಡೆಮಿ ಹೊಸಬರಿಗೇ ತಿಂಗಳಿಗೆ 20 ಲಕ್ಷ ವಾನ್‌ಗಿಂತ ಹೆಚ್ಚು, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ ಸಂಬಳ ಕೊಟ್ಟು, ಇರಲು ಮನೆಯನ್ನೂ ಒದಗಿಸುತ್ತದೆ ಎಂದಾಗ, ರೇಷ್ಮೆ ನೂಲು ಬಿಚ್ಚುವ ಕುಟುಂಬದಿಂದ ಓದಿ ಮೇಲೆ ಬಂದ ಹುಡುಗಿಯೊಬ್ಬಳು ಅತ್ತ ನೋಡುವುದು ತಪ್ಪೇ?

ಮೇಷ್ಟ್ರು: ಖಂಡಿತ ತಪ್ಪಲ್ಲ. ಓದಿಗೆ ತಕ್ಕ ಸಂಬಳ ಕೇಳುವುದು ಯಾವ ಶಿಕ್ಷಕಿಗೂ ಸಲ್ಲಬೇಕಾದ ಹಕ್ಕು. ಆದರೆ ಆ ಜಾಹೀರಾತಿನಲ್ಲಿ ಸಂಬಳದ ಕೆಳಗಿರುವ ಸಾಲನ್ನು ಮೊದಲು ಓದಬೇಕಮ್ಮ. ಕೊರಿಯಾದಲ್ಲಿ ವಿದೇಶಿ ಭಾಷಾ ಶಿಕ್ಷಕರಿಗೆ ಕೊಡುವ ವೀಸಾವನ್ನು ಇ-2 ಎನ್ನುತ್ತಾರೆ, ಮತ್ತು ಇಂಗ್ಲಿಷ್ ಅಕಾಡೆಮಿಗಳ ಮಟ್ಟಿಗೆ ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಇಪ್ಪತ್ತು ವರ್ಷ ಪಾಠ ಹೇಳಿದ ಭಾರತೀಯರಿಗೆ ಇಲ್ಲದ ಅರ್ಹತೆ, ಬೇರೆ ಯಾವುದೋ ವಿಷಯದಲ್ಲಿ ಪದವಿ ಪಡೆದು ಒಂದು ದಿನವೂ ತರಗತಿಯ ಮುಂದೆ ನಿಲ್ಲದ ಆ ದೇಶಗಳ ಯುವಕರಿಗೆ ಹುಟ್ಟಿನಿಂದಲೇ ಬಂದುಬಿಡುತ್ತದೆ.

ಶಿಷ್ಯೆ: ಒಂದು ದೇಶ ಇಂಥ ನಿಯಮ ಮಾಡಿಕೊಂಡಿದೆ ಎಂದರೆ ಅದಕ್ಕೊಂದು ಶೈಕ್ಷಣಿಕ ಕಾರಣ ಇರಬೇಕಲ್ಲ.

ಮೇಷ್ಟ್ರು: ಒಂದು ಭಾಷೆಯನ್ನು ಅದರ ಮಾತೃಭಾಷಿಕರೇ, ಅಂದರೆ ತೊಟ್ಟಿಲಿನಿಂದ ಅದನ್ನಾಡಿ ಬೆಳೆದವರೇ, ಚೆನ್ನಾಗಿ ಕಲಿಸಬಲ್ಲರು ಎಂಬ ನಂಬಿಕೆಯೇ ಆ ಕಾರಣ. ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು ಭಾಷಾ ಸಾಮ್ರಾಜ್ಯಶಾಹಿಯನ್ನು ಕುರಿತು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಆಧಾರವಿಲ್ಲದ ಭ್ರಮೆ ಎಂದೇ ಕರೆದರು. ಅದಕ್ಕೂ ಮೊದಲು, 1985ರಲ್ಲಿ, ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಬ್ರಜ್ ಕಾಚ್ರು ಅವರು ಇಂಗ್ಲಿಷ್ ಲೋಕವನ್ನು ಮೂರು ವೃತ್ತಗಳಾಗಿ ವಿಂಗಡಿಸಿದ್ದರು: ಇಂಗ್ಲಿಷ್ ಮಾತೃಭಾಷೆಯಾಗಿರುವ ಒಳವೃತ್ತ, ಭಾರತದಂತೆ ವಸಾಹತು ಆಳ್ವಿಕೆಯಿಂದ ಇಂಗ್ಲಿಷ್ ಆಡಳಿತಕ್ಕೂ ಶಿಕ್ಷಣಕ್ಕೂ ಬಂದು ನೆಲೆಯೂರಿದ ಹೊರವೃತ್ತ, ಜಪಾನ್, ಕೊರಿಯಾ, ಚೀನಾಗಳಂತೆ ಅದನ್ನು ವಿದೇಶಿ ಭಾಷೆಯಾಗಿ ಕಲಿಯುತ್ತಿರುವ ವಿಸ್ತರಣಾವೃತ್ತ. ಹೊರವೃತ್ತದವರು ತಮ್ಮದೇ ಇಂಗ್ಲಿಷನ್ನು ಬೆಳೆಸಿಕೊಂಡಿದ್ದಾರೆ, ಅದು ಕೆಟ್ಟ ನಕಲಲ್ಲ ಎಂಬುದು ಕಾಚ್ರು ಅವರ ವಾದ. ಆದರೆ ವೀಸಾ ಕಾನೂನು ಒಳವೃತ್ತದ ಗೆರೆಯನ್ನು ಮಾತ್ರ ಗುರುತಿಸುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಆದವನು ರೇಷ್ಮೆಗೂಡನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ಆಮೇಲೆ ಹರಾಜಿನಲ್ಲಿ ಬೆಲೆ ಕಟ್ಟುತ್ತಾನೆ. ಗೂಡು ಯಾವ ಊರಿನದೆಂದಷ್ಟೇ ಕೇಳಿ ಬೆಲೆ ಕಟ್ಟುವವನು ಆ ವ್ಯಾಪಾರದಲ್ಲಿ ಉಳಿಯಲಾರ. ಇಂಗ್ಲಿಷ್ ಅಕಾಡೆಮಿಗಳ ಮಾರುಕಟ್ಟೆ ಊರನ್ನಷ್ಟೇ ಕೇಳುತ್ತದೆ.

ಶಿಷ್ಯೆ: ಆದರೆ ಶುಲ್ಕ ಕೊಡುವ ಪೋಷಕರು ಅಮೆರಿಕದ ಉಚ್ಚಾರಣೆಯೇ ಬೇಕೆಂದು ಕೇಳುತ್ತಾರಂತೆ. ಹಣ ಕೊಡುವವರ ಇಚ್ಛೆಗೆ ಅಕಾಡೆಮಿ ಮಣಿದರೆ ಅದನ್ನು ದೂರುವುದು ಹೇಗೆ?

ಮೇಷ್ಟ್ರು: ಆ ಇಚ್ಛೆ ಎಷ್ಟು ವಾಸ್ತವವಾದುದು ಎಂಬುದನ್ನು ಬಿಡದಿಯಲ್ಲಿ ನೋಡಬಹುದು. ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಜಪಾನಿನ ಎಂಜಿನಿಯರುಗಳು ಬಂದು ಕೆಲಸ ಮಾಡುತ್ತಿದ್ದಾರೆ. ಅಲ್ಲಿ ಅವರು ಇಂಗ್ಲಿಷಿನಲ್ಲಿ ಮಾತನಾಡಬೇಕಾದದ್ದು ಅಮೆರಿಕದವರೊಂದಿಗಲ್ಲ, ಮಾಗಡಿ, ಮಂಡ್ಯ, ತುಮಕೂರುಗಳಿಂದ ಬಂದ ಕನ್ನಡಿಗರೊಂದಿಗೆ. ಜಪಾನೀಯರೊಬ್ಬರು ನಗೋಯಾದ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಕ್ಯಾಲಿಫೋರ್ನಿಯಾದ ಉಚ್ಚಾರಣೆಯನ್ನೇ ಕೇಳಿಸಿಕೊಂಡು ಬಿಡದಿಗೆ ಬಂದಿಳಿದರೆ, ಮೊದಲ ವಾರ ಅವರಿಗೆ ಕಷ್ಟವಾಗುವುದು ಭಾರತೀಯ ಇಂಗ್ಲಿಷನ್ನು ಕಿವಿಗೆ ಹಿಡಿಯುವುದೇ. ಏಷ್ಯಾದ ಒಂದು ಭಾಷೆಯವರು ಇನ್ನೊಂದು ಭಾಷೆಯವರೊಡನೆ ವ್ಯವಹರಿಸಲು ಇಂಗ್ಲಿಷನ್ನು ಬಳಸುವ ಸಂದರ್ಭಗಳು ಇಷ್ಟೊಂದಿರುವಾಗ, ಏಷ್ಯಾದ ಶಿಕ್ಷಕರನ್ನು ತರಗತಿಯಿಂದ ಹೊರಗಿಡುವುದು ಕಲಿಯುವವರಿಗೇ ಆಗುವ ನಷ್ಟ.

ಶಿಷ್ಯೆ: ಅದು ಕೇಳುವ ಕಿವಿಯ ಮಾತಾಯಿತು. ಕಲಿಸುವ ವಿಧಾನದಲ್ಲಿ ಕನ್ನಡದವರಿಗೆ ವಿಶೇಷವಾದ ಶಕ್ತಿ ಏನಾದರೂ ಇದೆಯೇ?

ಮೇಷ್ಟ್ರು: ಇದೆ. ಕನ್ನಡದ ಶಿಕ್ಷಕಿಯ ನಿಜವಾದ ಬಂಡವಾಳ ಅದೇ ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು. ಕನ್ನಡಕ್ಕೂ ಜಪಾನಿ, ಕೊರಿಯನ್ ಭಾಷೆಗಳಿಗೂ ವಂಶಸಂಬಂಧ ಸಾಬೀತಾಗಿಲ್ಲ; ಆದರೂ ವಾಕ್ಯ ಕಟ್ಟುವ ಕ್ರಮದಲ್ಲಿ ಬೆರಗಾಗುವಷ್ಟು ಹೋಲಿಕೆ ಇದೆ. ಮೂರರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಮೂರರಲ್ಲೂ ‘ಇಂದ’, ‘ಗೆ’, ‘ಅಲ್ಲಿ’ಗಳಂಥ ಸಂಬಂಧಸೂಚಕಗಳು ನಾಮಪದದ ಕೊನೆಗೆ ಸೇರುತ್ತವೆ, ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದ ಪದಗಳು ಮೂರರಲ್ಲೂ ಇಲ್ಲ. ‘ಅವಳು ನಿನ್ನೆ ಚನ್ನಪಟ್ಟಣದಿಂದ ತಂದ ಗೊಂಬೆ’ ಎಂಬುದನ್ನು ತೆಗೆದುಕೋ. ಇಲ್ಲಿ ‘ತಂದ’ ಎಂಬುದು ಕೃದಂತ, ಅಂದರೆ ಕ್ರಿಯೆಯಿಂದ ಹುಟ್ಟಿ ಮುಂದಿನ ನಾಮಪದವನ್ನು ವಿಶೇಷಿಸುವ ರೂಪ. ಜಪಾನಿಯಲ್ಲೂ ಕೊರಿಯನ್ನಿನಲ್ಲೂ ಇದನ್ನು ಪದಕ್ಕೆ ಪದವಿಟ್ಟು ಇದೇ ಕ್ರಮದಲ್ಲಿ ಹೇಳಬಹುದು: ಅವಳು, ನಿನ್ನೆ, ಚನ್ನಪಟ್ಟಣದಿಂದ, ತಂದ, ಗೊಂಬೆ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಗೊಂಬೆ ಮೊದಲಿಗೆ ಬರಬೇಕು, ಅದಕ್ಕೂ ಮೊದಲು ಒಂದು ‘ದಿ’ ನಿಲ್ಲಬೇಕು, ಆಮೇಲೆ ಒಂದು ‘ದಟ್’ ಬಂದು, ಅವಳು ಬಂದು, ತಂದದ್ದು ಬಂದು, ಊರು ಬಂದು, ನಿನ್ನೆ ಎಂಬುದು ತುದಿಗೆ ಬೀಳಬೇಕು. ಕನಕಪುರದ ಮಗು ಈ ತಿರುವಿನಲ್ಲಿ ಎಡವುವ ಜಾಗದಲ್ಲೇ ಒಸಾಕಾದ ಮಗುವೂ ಎಡವುತ್ತದೆ. ಆ ತಿರುವನ್ನು ಸ್ವತಃ ದಾಟಿದ ಶಿಕ್ಷಕಿಗೆ ಯಾವ ಮೆಟ್ಟಿಲಲ್ಲಿ ಮಗುವಿನ ಕೈ ಹಿಡಿಯಬೇಕೆಂದು ಗೊತ್ತಿರುತ್ತದೆ. ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗೆ ಅಲ್ಲೊಂದು ತಿರುವಿದೆ ಎಂಬುದೇ, ವಿಶೇಷ ತರಬೇತಿ ಇಲ್ಲದಿದ್ದರೆ, ಕಾಣುವುದಿಲ್ಲ.

ಶಿಷ್ಯೆ: ಉಚ್ಚಾರಣೆಯಲ್ಲೂ ಇಂಥ ಹೋಲಿಕೆ ಇದೆಯೇ?

ಮೇಷ್ಟ್ರು: ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ಕನ್ನಡಿಗರು ಸ್ವರ ಸೇರಿಸಿ ಬಸ್ಸು, ಕಾರ್ಡು, ಸ್ಕೂಲು ಎನ್ನುತ್ತಾರೆ. ಜಪಾನಿನವರು ಬಸು, ಕಾಡೊ, ಸುಕೂರು ಎನ್ನುತ್ತಾರೆ. ಪದದ ಮೊದಲಿಗೇ ಒತ್ತಕ್ಷರ ಬಂದರೆ ಹಳ್ಳಿಯ ಬಾಯಿ ಅದರ ಹಿಂದೆ ಸ್ವರವಿಟ್ಟು ‘ಇಸ್ಕೂಲು’ ಎಂದರೆ, ಜಪಾನಿನ ಬಾಯಿ ಒತ್ತಕ್ಷರದ ನಡುವೆಯೇ ಸ್ವರವಿಡುತ್ತದೆ. ಕಾಫಿ ಹಳ್ಳಿಯಲ್ಲಿ ‘ಕಾಪಿ’, ಕೊರಿಯಾದಲ್ಲಿ ‘ಕೊಪಿ’. ಇಂಗ್ಲಿಷಿನ ‘ಎಫ್’ ಧ್ವನಿ ಇಬ್ಬರಿಗೂ ಮೂಲದಲ್ಲಿ ಇಲ್ಲ. ಕೆಳತುಟಿಯನ್ನು ಮೇಲಿನ ಹಲ್ಲಿಗೆ ಹಗುರವಾಗಿ ತಾಗಿಸಿ, ತುಟಿ ಮುಚ್ಚದೆ, ಗಾಳಿಯನ್ನು ಬಿಡಬೇಕೆಂದು ಮಾಗಡಿಯ ಎಂಟನೆಯ ತರಗತಿಗೆ ಕನ್ನಡಿ ಕೊಟ್ಟು ಕಲಿಸಿದ ಪಾಠವನ್ನೇ ಸಿಯೋಲ್‌ನಲ್ಲೂ ಕಲಿಸಬೇಕು. ಹಂಗೇರಿಯ ಪೀಟರ್ ಮೆಜೆಶ್ ಅವರು ಮಾತೃಭಾಷಿಕರಲ್ಲದ ಶಿಕ್ಷಕರನ್ನೇ ಕುರಿತು 1994ರಲ್ಲಿ ಪ್ರಕಟಿಸಿದ ಪುಸ್ತಕದ ಮುಖ್ಯ ಮಾತುಗಳಲ್ಲಿ ಇದೂ ಒಂದು: ಕಲಿತು ಬಂದವರು ಕಲಿಯುವವರ ಕಷ್ಟವನ್ನು ಮೊದಲೇ ಊಹಿಸಬಲ್ಲರು.

ಶಿಷ್ಯೆ: ಇಷ್ಟಾದರೂ ಕನ್ನಡದವರ ಉಚ್ಚಾರಣೆಯ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ ಅನಿಸುತ್ತದೆ ಮೇಷ್ಟ್ರೇ. ‘ವಿ’ ಮತ್ತು ‘ಡಬ್ಲ್ಯೂ’ ಎರಡನ್ನೂ ಒಂದೇ ‘ವ’ಕಾರದಲ್ಲಿ ಉಚ್ಚರಿಸುವುದರಿಂದ ಪಶ್ಚಿಮ ಎಂಬ ಅರ್ಥದ ‘ವೆಸ್ಟ್’ಗೂ ಒಳಅಂಗಿಯ ‘ವೆಸ್ಟ್’ಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಪದದ ಒಂದು ಅಕ್ಷರಕ್ಕೆ ಹೆಚ್ಚು ಒತ್ತು ಬಿದ್ದು ಉಳಿದವು ಕುಗ್ಗುತ್ತವೆ. ಕನ್ನಡಿಗರು ಎಲ್ಲ ಅಕ್ಷರಗಳನ್ನೂ ಸಮವಾಗಿ ನುಡಿಯುತ್ತಾರೆ.

ಮೇಷ್ಟ್ರು: ಒಪ್ಪಬೇಕಾದ ಮಾತು. ಅವು ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ಕೊರತೆಗಳು, ಮತ್ತು ಕಲಿಸಲು ಹೊರಟವರು ತಿದ್ದಿಕೊಳ್ಳಲೇಬೇಕು. ಮೈಸೂರು ರಸ್ತೆಯಲ್ಲಿ ರಾಮನಗರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಜ್ಞಾನಭಾರತಿ ಆವರಣದಲ್ಲಿ, 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಸರ್ಕಾರಿ ಶಾಲೆಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವುದೇ ಅದರ ಕೆಲಸ. ಇಷ್ಟು ಹತ್ತಿರ ಇಂಥ ಸಂಸ್ಥೆಯೊಂದು ಇರುವಾಗ, ಜಾಹೀರಾತು ನಂಬಿ 120 ಗಂಟೆಗಳ ಆನ್‌ಲೈನ್ ಪ್ರಮಾಣಪತ್ರಕ್ಕೆ ಹಣ ಸುರಿಯುವ ಮೊದಲು ಯೋಚಿಸಬೇಕು. ಕೇಂಬ್ರಿಜ್‌ನ ಸೆಲ್ಟಾ ಎಂಬ ಅರ್ಹತೆಗೂ ಸುಮಾರು 120 ಗಂಟೆಗಳ ಓದೇ ಇರುವುದು. ಆದರೆ ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ಪರೀಕ್ಷಕರಿಂದ ಮೌಲ್ಯಮಾಪನ ಮಾಡಿಸಿಕೊಳ್ಳಬೇಕು. ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದೆ ಸಿಗುವ ಪ್ರಮಾಣಪತ್ರಕ್ಕಿಂತ, ಬಿ.ಎಡ್.ನಲ್ಲಿ ನೀನು ಮಾಡಿದ ಶಾಲಾ ಇಂಟರ್ನ್‌ಶಿಪ್ ಎಷ್ಟೋ ಮೇಲು.

ಶಿಷ್ಯೆ: ಜಪಾನಿನಲ್ಲಿ ಏಳು ದೇಶಗಳ ಪಟ್ಟಿಯಿಲ್ಲ ಎನ್ನುತ್ತಾರೆ. ಅಲ್ಲಿಗೆ ಪ್ರಯತ್ನಿಸಬಹುದಲ್ಲವೇ?

ಮೇಷ್ಟ್ರು: ಪಟ್ಟಿ ಇಲ್ಲ, ಬೇರೊಂದು ಅಳತೆ ಇದೆ. ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೊಡುವ ಬೋಧಕ ವೀಸಾಕ್ಕೆ, ಅಭ್ಯರ್ಥಿ ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಲೆಕ್ಕ ಹಾಕು: ಇಂಗ್ಲಿಷ್ ಮಾಧ್ಯಮದ ಪಿಯುಸಿ ಎರಡು ವರ್ಷ, ಪದವಿ ಮೂರು, ಬಿ.ಎಡ್. ಎರಡು, ಒಟ್ಟು ಏಳು. ಎಸ್. ಕರಿಯಪ್ಪನವರು ಕಟ್ಟಿದ ಕನಕಪುರದ ರೂರಲ್ ಎಜುಕೇಶನ್ ಸೊಸೈಟಿಯ ಕಾಲೇಜಿನಂಥ ಸಂಸ್ಥೆಗಳಿಂದ ಓದಿ ಹೊರಬಂದ ಹಳ್ಳಿಯ ಮಕ್ಕಳಲ್ಲಿ ಬಹುಪಾಲು ಈ ಅಳತೆಯಲ್ಲಿ ಹಿಂದೆ ಬೀಳುತ್ತಾರೆ, ಪಟ್ಟಣದ ಕಾನ್ವೆಂಟಿನ ಮಕ್ಕಳು ದಾಟುತ್ತಾರೆ. ಖಾಸಗಿ ಅಕಾಡೆಮಿಯವರಿಗೆ ಸಿಗುವ ವೀಸಾ ಬೇರೆ ವರ್ಗದ್ದು, ಅದಕ್ಕೆ ಪದವಿ ಮುಖ್ಯ. ಆದರೆ ಅಲ್ಲಿ ಸೋಸುವ ಕೆಲಸವನ್ನು ‘ಮಾತೃಭಾಷಿಕರು ಮಾತ್ರ’ ಎಂಬ ಜಾಹೀರಾತೇ ಮಾಡಿ ಮುಗಿಸಿರುತ್ತದೆ.

ಶಿಷ್ಯೆ: ಅದೆಲ್ಲವನ್ನೂ ದಾಟಿ ಒಳಗೆ ಹೋದವರ ದಿನ ಹೇಗಿರುತ್ತದೆ?

ಮೇಷ್ಟ್ರು: ಶಾಲೆ ಬಿಟ್ಟ ಮೇಲೆ ಅಕಾಡೆಮಿಯ ಹಗಲು ಆರಂಭವಾಗುತ್ತದೆ, ಸಿಯೋಲ್‌ನಲ್ಲಿ ರಾತ್ರಿ ಹತ್ತರ ನಂತರ ಪಾಠ ಮಾಡಕೂಡದೆಂಬ ನಿಯಮ ತರಬೇಕಾಯಿತು ಎಂದರೆ ಒತ್ತಡವನ್ನು ಊಹಿಸಬಹುದು. ಜಪಾನಿನ ಏಕೈವಾಗಳಲ್ಲಿ ಸಂಜೆ ಮತ್ತು ವಾರಾಂತ್ಯಗಳೇ ಕೆಲಸದ ಹೊತ್ತು. ಪಾಠಕ್ಕಿಂತ ಹೆಚ್ಚು ಗಮನ ಕೊಟ್ಟು ಓದಬೇಕಾದದ್ದು ಅಲ್ಲಿಯ ಕರಾರುಪತ್ರ. ಕೊರಿಯಾದ ಕಾನೂನಿನಂತೆ ಒಂದು ವರ್ಷ ದುಡಿದವರಿಗೆ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳವನ್ನು ನಿವೃತ್ತಿ ಭತ್ಯೆಯಾಗಿ ಕೊಡಬೇಕು. ಅದನ್ನು ತಪ್ಪಿಸಲು ಹನ್ನೊಂದನೆಯ ತಿಂಗಳಲ್ಲಿ ಕೆಲಸದಿಂದ ತೆಗೆದರೆಂಬ ದೂರುಗಳು ಶಿಕ್ಷಕರ ನಡುವೆ ಹಳೆಯವು. ವೀಸಾ ಒಂದೇ ಉದ್ಯೋಗದಾತನಿಗೆ ಕಟ್ಟುಬಿದ್ದಿರುವುದರಿಂದ ಜಗಳವಾಡಿ ಇನ್ನೊಂದು ಅಕಾಡೆಮಿಗೆ ಹೋಗುವುದು ಸುಲಭವಲ್ಲ. ಜಪಾನಿನ ಹಲವು ಕರಾರುಗಳಲ್ಲಿ ಕೆಲಸದ ಅವಧಿ ವಾರಕ್ಕೆ 29.5 ಗಂಟೆ ಎಂದಿರುತ್ತಿತ್ತು. ಆ ಅರ್ಧ ಗಂಟೆಯ ಕಡಿತ ಸುಮ್ಮನೆ ಬಂದದ್ದಲ್ಲ. 30 ಗಂಟೆ ಮುಟ್ಟಿದರೆ ಉದ್ಯೋಗದಾತನು ಸಾಮಾಜಿಕ ವಿಮೆಯಲ್ಲಿ ಪಾಲು ಕಟ್ಟಬೇಕಾಗುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು.

ಶಿಷ್ಯೆ: ದೊಡ್ಡ ಕಂಪನಿಗಳಲ್ಲಾದರೂ ಭದ್ರತೆ ಇರಬಹುದಲ್ಲ.

ಮೇಷ್ಟ್ರು: ಜಪಾನಿನ ಅತಿ ದೊಡ್ಡ ಏಕೈವಾ ಸರಣಿಯಾಗಿದ್ದ ನೋವಾ 1981ರಲ್ಲಿ ಆರಂಭವಾಗಿ ದೇಶದ ಉದ್ದಗಲಕ್ಕೂ ಶಾಖೆಗಳನ್ನು ತೆರೆದಿತ್ತು. ಪಾಠಗಳಿಗೆ ಮುಂಗಡ ಹಣ ಕಟ್ಟಿಸಿಕೊಂಡು, ನಡುವೆ ಬಿಟ್ಟವರಿಗೆ ಸರಿಯಾಗಿ ಹಿಂದಿರುಗಿಸದ ಅದರ ಪದ್ಧತಿಯನ್ನು 2007ರ ಏಪ್ರಿಲ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತಪ್ಪೆಂದು ತೀರ್ಮಾನಿಸಿತು. ಜೂನ್‌ನಲ್ಲಿ ಸರ್ಕಾರ ಹೊಸ ದೀರ್ಘಾವಧಿ ಒಪ್ಪಂದಗಳಿಗೆ ತಡೆ ಹಾಕಿತು. ಅಕ್ಟೋಬರ್‌ನಲ್ಲಿ ಕಂಪನಿ ನ್ಯಾಯಾಲಯದ ರಕ್ಷಣೆ ಕೋರಿ ಕುಸಿಯಿತು. ಸಂಬಳ ಬಾಕಿಯಿದ್ದ ಸಾವಿರಾರು ವಿದೇಶಿ ಶಿಕ್ಷಕರಲ್ಲಿ ಅನೇಕರು ಮನೆಯನ್ನೂ ಕಂಪನಿಯಿಂದಲೇ ಪಡೆದವರಾಗಿದ್ದರಿಂದ, ಕೆಲಸ ಹೋದದ್ದೂ ಸೂರು ಹೋಗುವ ಭಯ ಬಂದದ್ದೂ ಒಟ್ಟಿಗೇ. ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್ನನ್ನೇ ನಿಷೇಧಿಸಿ, ಹೊರದೇಶದಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಕಲಿಸುವುದನ್ನೂ ನಿಲ್ಲಿಸಿತು. ಈ ಉದ್ಯಮಕ್ಕೆ ಆಯಾ ಸರ್ಕಾರದ ಒಂದು ಆದೇಶವೇ ಸಾಕು.

ಶಿಷ್ಯೆ: ಹಾಗಾದರೆ ಉಳಿದದ್ದು ಥಾಯ್ಲೆಂಡ್, ವಿಯೆಟ್ನಾಂಗಳೇ?

ಮೇಷ್ಟ್ರು: ಅಲ್ಲಿ ಮಾತೃಭಾಷಿಕರಲ್ಲದವರೂ ಭಾಷಾಸಾಮರ್ಥ್ಯದ ಪರೀಕ್ಷೆಯ ಅಂಕ ತೋರಿಸಿ ಕಾನೂನುಬದ್ಧವಾಗಿ ಕಲಿಸಬಹುದು, ಫಿಲಿಪೀನ್ಸ್‌ನವರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಆದರೆ ಅದೇ ಕೆಲಸಕ್ಕೆ ಮಾತೃಭಾಷಿಕರಿಗಿಂತ ಕಡಿಮೆ ಸಂಬಳ ಕೊಡುವುದು ಅಲ್ಲಿ ರೂಢಿಯಾಗಿಬಿಟ್ಟಿದೆ, ಮತ್ತು ಇದು ಸ್ಪಷ್ಟವಾದ ಅನ್ಯಾಯ. ಇನ್ನೂ ದೊಡ್ಡ ಅಪಾಯ ಏಜೆಂಟರದು. ‘ಸದ್ಯ ಪ್ರವಾಸಿ ವೀಸಾದಲ್ಲಿ ಹೋಗಿ, ಕೆಲಸದ ಪರವಾನಗಿ ಆಮೇಲೆ’ ಎಂದು ಹೇಳುವವರ ಮಾತಿಗೆ ಕಿವಿಗೊಡಲೇಬಾರದು. ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ಯುವಜನರನ್ನು ಸಾಗಿಸುತ್ತಿರುವ ಬಗ್ಗೆ ವಿದೇಶಾಂಗ ಸಚಿವಾಲಯವೇ 2022ರಲ್ಲಿ ಎಚ್ಚರಿಕೆ ಹೊರಡಿಸಿತು. 1983ರ ವಲಸೆ ಕಾಯಿದೆಯಡಿ ನೋಂದಣಿ ಪಡೆದ ಏಜೆಂಟರು ಮಾತ್ರ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು, ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳುವವರು ಕಾನೂನಿನ ಹೊರಗಿದ್ದಾರೆ ಎಂದೇ ಅರ್ಥ.

ಶಿಷ್ಯೆ: ಒಳ್ಳೆಯ ಬಾಗಿಲುಗಳೆಲ್ಲ ಮುಚ್ಚಿವೆ, ತೆರೆದಿರುವ ಬಾಗಿಲಲ್ಲಿ ಅಪಾಯವಿದೆ ಎಂದರೆ, ಇಲ್ಲೇ ಹನ್ನೆರಡು ಸಾವಿರಕ್ಕೆ ಇದ್ದುಬಿಡು ಎಂದಂತಾಯಿತು ಮೇಷ್ಟ್ರೇ. ಅದನ್ನು ಒಪ್ಪುವುದು ಕಷ್ಟ.

ಮೇಷ್ಟ್ರು: ಒಪ್ಪಬೇಕಾಗಿಲ್ಲ. ಸಂಬಳ ಕಡಿಮೆ ಕೊಟ್ಟು ಸೇವೆಯ ಮಾತಾಡುವುದು ಸರ್ಕಾರಕ್ಕೂ ಸಮಾಜಕ್ಕೂ ತಕ್ಕದ್ದಲ್ಲ. 2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದಾಗಲೇ, ಅಲ್ಲಿ ಕಲಿಸುವವರ ನೇಮಕ ಮತ್ತು ಸಂಬಳದ ಬಗ್ಗೆಯೂ ಅಷ್ಟೇ ಗಂಭೀರವಾಗಿ ಯೋಚಿಸಬೇಕಿತ್ತು. ಹೋಗಬೇಡ ಎಂಬುದು ಇಲ್ಲಿಯ ವಾದವಲ್ಲ. ಹುಟ್ಟಿದ ದೇಶವನ್ನು ಕೇಳುವ ಬಾಗಿಲನ್ನು ಬಿಟ್ಟು, ಕಲಿಸುವ ಅರ್ಹತೆಯನ್ನು ಕೇಳುವ ಬಾಗಿಲನ್ನು ತಟ್ಟು ಎಂಬುದು. ಅಂಥದ್ದೊಂದು ಕೊರಿಯಾದಲ್ಲೇ ಇದೆ. ಭಾರತ ಮತ್ತು ಕೊರಿಯಾ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಸರಕುಗಳ ಸುಂಕ ಇಳಿಸುವ ಒಪ್ಪಂದವೆಂದೇ ಅದನ್ನು ಹೆಚ್ಚಿನವರು ತಿಳಿದಿದ್ದಾರೆ. ಆದರೆ ಪದವಿಯ ಜೊತೆಗೆ ಇಂಗ್ಲಿಷ್ ಕಲಿಸುವ ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿಯ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅದರಲ್ಲಿ ಅವಕಾಶವಿದೆ. ಅಕಾಡೆಮಿಗಳಿಗೆ ಇದು ಅನ್ವಯಿಸುವುದಿಲ್ಲ. ಹುದ್ದೆಗಳು ಸುಲಭವಾಗಿ ಸಿಗುತ್ತವೆಂದು ಭರವಸೆ ಕೊಡಲಾಗದು. ಆದರೂ ಏಳು ದೇಶಗಳ ಪಟ್ಟಿಯಲ್ಲಿ ಲೆಕ್ಕಕ್ಕೇ ಬಾರದ ನಿನ್ನ ಬಿ.ಎಡ್. ಅಲ್ಲಿ ಮೊದಲ ಅರ್ಹತೆಯಾಗುತ್ತದೆ.

ಶಿಷ್ಯೆ: ಹಾಗಿದ್ದರೆ ಮೊದಲು ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮಾಡಿಸಬೇಕು, ಅಂದರೆ ಅವು ಅಸಲಿ ಎಂದು ವಿದೇಶಾಂಗ ಸಚಿವಾಲಯದಿಂದ ಮುದ್ರೆ ಹಾಕಿಸಬೇಕು. 2005ರಿಂದ ಭಾರತವೂ 2007ರಿಂದ ಕೊರಿಯಾವೂ ಅಪೊಸ್ಟಿಲ್ ಒಪ್ಪಂದದಲ್ಲಿರುವುದರಿಂದ ರಾಯಭಾರ ಕಚೇರಿಗಳನ್ನು ಸುತ್ತಬೇಕಿಲ್ಲ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅರ್ಜಿ ಹೋಗುವವರೆಗೆ ಇಲ್ಲಿಯ ತರಗತಿಯನ್ನು ಬಿಡಬಾರದು, ‘ವಿ’ ಮತ್ತು ‘ಡಬ್ಲ್ಯೂ’ಗಳನ್ನು ತಿದ್ದಿಕೊಳ್ಳಬೇಕು.

ಮೇಷ್ಟ್ರು: ಅಷ್ಟೇ ಮುಖ್ಯವಾದ ಇನ್ನೊಂದು ಮಾತಮ್ಮ: ಪ್ರಮಾಣಪತ್ರಗಳ ಮೂಲಪ್ರತಿಯನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಯಾವ ಏಜೆಂಟನ ಬಳಿಯೂ ಬಿಟ್ಟು ಬರಬೇಡ; ಕರಾರುಪತ್ರದ ಪ್ರತಿ ಕೈಗೆ ಬಂದ ದಿನ ಸಹಿ ಮಾಡದೆ ಕನಕಪುರಕ್ಕೆ ತೆಗೆದುಕೊಂಡು ಬಾ, ಇಬ್ಬರೂ ಕುಳಿತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದೋಣ.